ಹೊಸ್ತಿಲಾಚೆ ಬಿಟ್ಟ ಚಪ್ಪಲಿಗಳು

ನಮ್ಮೂರಿಗೆ ಹೆಣ್ಣು ನೋಡಲು ಬಂದವರು ಮೊದಲು ಹೆಣ್ಣಿನ ಮುಖ ನೋಡುವುದಿಲ್ಲ, ಮನೆಯ ಹೊಸ್ತಿಲು ನೋಡುತ್ತಾರೆ. ಹೊಸ್ತಿಲು ಬೀದಿಗಿಂತ ಎತ್ತರದಲ್ಲಿದ್ದರೆ ಒಳಗೆ ಬಂದು ಉಪ್ಪಿಟ್ಟು ತಿನ್ನುತ್ತಾರೆ. ಬೀದಿಗೆ ಸಮವಾಗಿದ್ದರೆ ಕಾಫಿ ಮಾತ್ರ ಕುಡಿದು, ಜಾತಕ ಕೂಡಿಬರಲಿಲ್ಲವೆಂದು ಆಮೇಲೆ ಹೇಳಿಕಳಿಸುತ್ತಾರೆ. ಬೀದಿಗಿಂತ ಕೆಳಗಿದ್ದರೆ ಬಂದ ದಾರಿಗೆ ಸುಂಕವಿಲ್ಲ ಎಂದು ಹಾಗೆಯೇ ತಿರುಗಿಬಿಡುತ್ತಾರೆ. ಯಾಕೆಂದರೆ ನಮ್ಮೂರಲ್ಲಿ ಕಾಯಿಲೆಗೆ ಭಾರವಿದೆ. ಒಬ್ಬರು ಹಾಸಿಗೆ ಹಿಡಿದರೆ ಅವರ ಮನೆ ನೆಲದೊಳಕ್ಕೆ ಇಳಿಯುತ್ತದೆ. ನೆಗಡಿಗೆ ಕೂದಲೆಳೆಯಷ್ಟು, ಕ್ಷಯಕ್ಕೆ ಗೇಣುದ್ದ. ವಾಸಿಯಾದರೆ ಮೆಲ್ಲಗೆ ಮೇಲೇಳುತ್ತದೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿನವರಿಗೆ ಪಕ್ಕದ ಮನೆಯ ಕಷ್ಟ ಹೇಗೆ ಗೊತ್ತಾಗುತ್ತದೋ, ನನಗಂತೂ ಅರ್ಥವಾಗಿಲ್ಲ.

ಊರು ಇಳಿಜಾರಿನಲ್ಲಿದೆ. ಮೇಲೆ ದಿಬ್ಬದ ಪೇಟೆ, ಕೆಳಗೆ ತಗ್ಗಿನಕೇರಿ, ನಡುವೆ ನಮ್ಮ ಆರೋಗ್ಯ ಕೇಂದ್ರ. ದಿಬ್ಬದ ಪೇಟೆಯ ಮನೆಗಳು ಇಳಿದದ್ದನ್ನು ಕಂಡವರಿಲ್ಲ. ಎತ್ತರದ ಮೆಟ್ಟಿಲು, ಅಗಲವಾದ ಜಗಲಿ, ಹೊಸ್ತಿಲ ಮೇಲೆ ಮಾಸದ ರಂಗೋಲಿ. ಅಡಿಯಲ್ಲಿ ಬಂಡೆಯಿದೆ ಎಂದು ಕೆಲವರು, ಅವರ ಪುಣ್ಯ ಎಂದು ಕೆಲವರು. “ನಾವು ಶುಚಿಯಾಗಿ ಇರ್ತೀವಿ, ಅದಕ್ಕೆ” ಎಂದು ಪೇಟೆಯವರೇ ಹೇಳಿಕೊಳ್ಳುತ್ತಿದ್ದರು. ಕೇರಿಯಲ್ಲಿ ಮಾತ್ರ ಬಾಗಿಲುಗಳು ಮಣ್ಣು ಸೇರಿ ಎಷ್ಟೋ ಕಾಲವಾಗಿತ್ತು. ಕಿಟಕಿಯೇ ಬಾಗಿಲು, ಒಳಗೆ ಇಳಿಯಲು ಏಣಿ. ಅತ್ತೆ ಬೀದಿಯಲ್ಲಿ ಕೂತು, ಕೆಳಗೆ ಒಲೆಯ ಮುಂದಿರುವ ಸೊಸೆಗೆ “ಉಪ್ಪು ನೋಡೇ” ಎಂದು ಕೂಗುತ್ತಿದ್ದಳು. ಕೋಳಿಗಳು ಬೀದಿಯಿಂದ ನೇರ ಹೆಂಚಿನ ಮೇಲೆ ನಡೆದು ಹೋಗುತ್ತಿದ್ದವು. ತಗ್ಗಿಗೆ ತೇವ, ತೇವಕ್ಕೆ ಕೆಮ್ಮು, ಕೆಮ್ಮಿಗೆ ಮತ್ತಷ್ಟು ತಗ್ಗು. ಇದು ಅಲ್ಲಿನ ಬದುಕು.

ನಾನು ಆ ಕೇಂದ್ರದ ನರ್ಸು. ಹೆಸರು ಸುಗಂಧಿ, ಆದರೆ ಹಾಗೆ ಕರೆಯುವವರು ಯಾರೂ ಉಳಿದಿಲ್ಲ. ಎಲ್ಲರಿಗೂ ಸಿಸ್ಟರಮ್ಮ. ನನ್ನ ಬಾಯಿ ಸ್ವಲ್ಪ ಜೋರು ಎನ್ನುತ್ತಾರೆ. ಕೈಯೂ ಜೋರೇ, ಇಂಜೆಕ್ಷನ್ ತೆಗೆದುಕೊಂಡವರನ್ನು ಕೇಳಿ. ಡಾಕ್ಟರ್ ಯಶೋಧರ ಬರುವವರೆಗೆ ನಮ್ಮದು ರೋಗಿಗಳು ಏರು ಹತ್ತಿ ಬರಬೇಕಾದ ಕೇಂದ್ರವಾಗಿತ್ತು. ಹತ್ತಲಾರದವರು ಬರುತ್ತಿರಲಿಲ್ಲ. ಈ ಸಣಕಲು ಡಾಕ್ಟರು ಬಂದ ದಿನವೇ ಕೇಳಿದರು, “ಸಿಸ್ಟರಮ್ಮ, ಹತ್ತೋಕ್ಕೆ ಆಗದೋರಿಗೇ ತಾನೇ ಡಾಕ್ಟರು ಬೇಕಾಗೋದು? ನಾವೇ ಇಳಿದು ಹೋಗೋಣ.” ಅಂದಿನಿಂದ ದಿನವೂ ಚೀಲ ಹೆಗಲಿಗೇರಿಸಿ ಇಳಿದೆವು. ಏಣಿ ಇಳಿದು ಕಫ ಪರೀಕ್ಷಿಸಿದೆವು, ಬಾಣಂತಿಯರನ್ನು ನೋಡಿದೆವು, ಮಕ್ಕಳ ಬಾಯಿಗೆ ಹನಿ ಹಾಕಿದೆವು. ಪ್ರತಿ ಮನೆಯ ಗೋಡೆಗೂ ನೆಲದ ಮಟ್ಟದಲ್ಲಿ ಡಾಕ್ಟರು ಒಂದು ಕೆಮ್ಮಣ್ಣಿನ ಗೆರೆ ಎಳೆದರು. ಮನೆ ಎದ್ದರೆ ಗೆರೆ ಮೇಲೆ ಬರುತ್ತದೆ, ಇಳಿದರೆ ಮಣ್ಣಿನಲ್ಲಿ ಮುಚ್ಚುತ್ತದೆ. ಮೊದಲ ವರ್ಷ ಎಷ್ಟೋ ಗೆರೆಗಳು ಮೇಲೆ ಬಂದವು. ಒಬ್ಬ ಮುದುಕ ತನ್ನ ಬಾಗಿಲು ಮತ್ತೆ ಕಂಡಾಗ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೊಮ್ಮಕ್ಕಳಿಗೆಲ್ಲ “ಇದು ಬಾಗಿಲು ಕಣ್ರೋ” ಎಂದು ತೋರಿಸಿದ. ನಾನು ಸಂತೋಷಕ್ಕೆ ಅತ್ತೆ.

ಕೇರಿಯ ತುದಿಯಲ್ಲಿ ದುರುಗವ್ವನ ಮನೆ. ಗಟ್ಟಿ ಹೆಂಗಸು, ಇಟ್ಟಿಗೆ ಗೂಡಿನಲ್ಲಿ ದುಡಿದ ಕೈ. ಅವಳ ಸೊಸೆ ಹೊನ್ನೂರಿ. ಅವಳಿಗೆ ಹಿಂದೆ ಎರಡು ಹೆರಿಗೆಯಾಗಿ ಎರಡೂ ಮಕ್ಕಳು ಉಳಿದಿರಲಿಲ್ಲ. ನೋವು ಬಂದಾಗ ಏಣಿ ಹತ್ತಿಸಿ ಮೇಲೆ ತರುವಷ್ಟರಲ್ಲಿ ಕೈ ಮೀರಿತ್ತು. ಈಗ ಮೂರನೆಯದು. “ಸಿಸ್ಟರಮ್ಮ, ಈ ಸಲ ನೀನೇ ಕೈಯೊಡ್ಡಿ ಹಿಡೀಬೇಕು. ಅದು ಅಳಾದು ನಾನು ಕೇಳಬೇಕು, ಅಷ್ಟೇಯ” ಎಂದಿದ್ದಳು ದುರುಗವ್ವ. ನಾನು ಅವಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೆ. ಮಳೆಗಾಲಕ್ಕೆ ಮುಂಚೆ ಆ ಮನೆಯ ಕಿಟಕಿ ಚರಂಡಿಗಿಂತ ಮೇಲೆ ಬರಬೇಕು, ಹೆರಿಗೆ ಕೇಂದ್ರದಲ್ಲೇ ಆಗಬೇಕು. ನನಗೂ ಡಾಕ್ಟರಿಗೂ ಬೇರೆ ಧ್ಯಾನವೇ ಇರಲಿಲ್ಲ.

ಹೊನ್ನೂರಿಗೆ ರಕ್ತ ಕಡಿಮೆಯಿತ್ತು. ಕೇರಿಯ ಮುಕ್ಕಾಲು ಜನಕ್ಕೆ ಹಾಗೆಯೇ. ಕೊಕ್ಕೆಹುಳು ಎಂದರು ಡಾಕ್ಟರು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡಿದರೆ ಅಂಗಾಲಿನಿಂದಲೇ ಒಳಗೆ ಹೋಗಿ ರಕ್ತ ಹೀರುತ್ತದೆ. ಮಾತ್ರೆ ಕೊಟ್ಟರೆ ಸಾಲದು, ಕಾಲಿಗೆ ಚಪ್ಪಲಿ ಬೇಕು. ಅಷ್ಟು ಜನಕ್ಕೆ ಚಪ್ಪಲಿ ತರುವುದೆಲ್ಲಿಂದ ಎಂದು ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ದಿಬ್ಬದ ಪೇಟೆಯ ಮಹಿಳಾ ಸಮಾಜದವರು ತಾವಾಗಿಯೇ ಬಂದರು. ಮುಂದೆ ಪಂಕಜಾಕ್ಷಮ್ಮ, ಸಮಾಜದ ಅಧ್ಯಕ್ಷೆ, ಮಾತಿಗೊಮ್ಮೆ ನಗುವ ಹಿರಿಯರು. ಪೇಟೆಯಲ್ಲಿ ಮೊದಲಿನಿಂದಲೂ ಒಂದು ರೂಢಿ, ಚಪ್ಪಲಿ ಸವೆಯುವ ಮುಂಚೆಯೇ ಯಾರಿಗಾದರೂ ಕೊಟ್ಟುಬಿಡುವುದು. ‘ಮೆಟ್ಟು ದಾನ, ಮೈ ಹಗುರ’ ಎನ್ನುತ್ತಾರೆ. ದೇವಸ್ಥಾನದ ಮುಂದೆ ಚಪ್ಪಲಿ ಕಳೆದರೆ ಪೀಡೆ ಹೋಯಿತು ಎಂದು ಖುಷಿಪಡುವ ಜನ ನಾವು, ಇದರಲ್ಲಿ ಹೊಸತೇನು? “ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ ಡಾಕ್ಟ್ರೇ, ಎಲ್ಲಾ ಹೊಸವೇ. ಆ ಮಕ್ಕಳ ಕಾಲಿಗಾಗಲಿ” ಎಂದರು ಪಂಕಜಾಕ್ಷಮ್ಮ. ಡಾಕ್ಟರು ಎದ್ದು ಕೈ ಮುಗಿದರು.

ಚಪ್ಪಲಿ ಹಂಚಿದ ದಿನ ಕೇರಿಯಲ್ಲಿ ಹಬ್ಬ. ಹೊನ್ನೂರಿಗೆ ಹಸಿರು ಹೂವಿನ ಪಟ್ಟಿಯ ಒಂದು ಜೊತೆ ಸಿಕ್ಕಿತು. ಹೊಟ್ಟೆ ಅಡ್ಡ ಬಂದು ಅವಳಿಗೆ ತನ್ನ ಕಾಲೇ ಕಾಣುತ್ತಿರಲಿಲ್ಲ. “ಹೆಂಗ್ ಕಾಣ್ತದೆ ಸಿಸ್ಟರಮ್ಮ?” ಎಂದು ಸುತ್ತ ತಿರುಗಿ ತೋರಿಸಿದಳು. “ಮದುಮಗಳ ಕಾಲು ಕಣೇ” ಎಂದೆ. ರಾತ್ರಿ ಮಲಗುವಾಗಲೂ ಚಪ್ಪಲಿಯನ್ನು ದಿಂಬಿನ ಹತ್ತಿರವೇ ಇಟ್ಟುಕೊಳ್ಳುತ್ತಿದ್ದಳಂತೆ.

ಆ ವಾರವೇ ಗೆರೆಗಳು ಮಣ್ಣಿನಲ್ಲಿ ಮುಚ್ಚತೊಡಗಿದವು. ಮೊದಲು ನಾವು ನಂಬಲಿಲ್ಲ. ಮಳೆಯ ಮಣ್ಣು ಮೆತ್ತಿದೆ ಎಂದು ಕೆರೆದು ನೋಡಿದೆ. ಮಳೆಯೇ ಬಂದಿರಲಿಲ್ಲ! ಅರಿಶಿನ ಕುಂಕುಮದ ಆ ಬಾಗಿಲು ಮತ್ತೆ ಮೊಣಕಾಲವರೆಗೆ ಹೂತಿತು. ಎಲ್ಲಕ್ಕಿಂತ ಜೋರಾಗಿ ಇಳಿದದ್ದು ದುರುಗವ್ವನ ಮನೆ. ಡಾಕ್ಟರು ಇಡೀ ಮನೆಯವರ ರಕ್ತ, ಕಫ, ಎಲ್ಲ ನೋಡಿದರು. ಹೊನ್ನೂರಿಯ ರಕ್ತ ಏರಿತ್ತು, ಹುಳು ಹೋಗಿತ್ತು, ಮಗು ಒಳಗೆ ಒದೆಯುತ್ತಿತ್ತು. ಎಲ್ಲರೂ ಕಲ್ಲುಗುಂಡಿನ ಹಾಗಿದ್ದರು. “ಕಾಯಿಲೇನೇ ಇಲ್ಲ ಸಿಸ್ಟರಮ್ಮ. ಮತ್ತೆ ಮನೆ ಯಾಕೆ ಇಳೀತಿದೆ?” ಎಂದು ಡಾಕ್ಟರು ಕಿಟಕಿಯ ಪಕ್ಕ ನೆಲದಲ್ಲೇ ಕೂತುಬಿಟ್ಟರು. ಪೇಟೆಯವರು ಮಾತ್ರ ತೀರ್ಪು ಕೊಟ್ಟಾಗಿತ್ತು. ನಾಯಿ ಬಾಲ ಡೊಂಕು, ಆ ಜನಕ್ಕೆ ಎಷ್ಟು ಮಾಡಿದರೂ ಅಷ್ಟೇ. ಅವರ ಮಾತು ಕೇಳಿ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಎರಡನೇ ಕಂತಿನ ಚಪ್ಪಲಿ ಬಂತು. ಮೂಟೆ ಮೂಟೆ. ಹಂಚುವವರೆಗೆ ಇರಲಿ ಎಂದು ಹೆರಿಗೆ ಕೋಣೆಯ ಪಕ್ಕದ ಉಗ್ರಾಣದಲ್ಲಿ ಒಟ್ಟಿದೆವು. ಮಾರನೆಯ ಬೆಳಿಗ್ಗೆ ನಾನು ಬೀಗ ತೆಗೆದು ಒಳಗೆ ಕಾಲಿಟ್ಟರೆ, ಹೆರಿಗೆ ಮಂಚ ತಾನಾಗಿಯೇ ಉರುಳಿ ಹೋಗಿ ಉಗ್ರಾಣದ ಗೋಡೆಗೆ ಅಂಟಿಕೊಂಡು ನಿಂತಿತ್ತು. ಬಕೆಟ್ಟಿನ ನೀರು ಒಂದೇ ಕಡೆ ಚೆಲ್ಲಿತ್ತು. ಗೋಡೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ನಮ್ಮ ಕೇಂದ್ರ, ಈ ಊರಿಗೆಲ್ಲ ಔಷಧಿ ಕೊಡುವ ಕೇಂದ್ರ, ಒಂದು ಮೂಲೆಯಿಂದ ನೆಲಕ್ಕೆ ಇಳಿಯುತ್ತಿತ್ತು! ಆ ಮೂಲೆಯಲ್ಲಿ ರೋಗಿಯಿರಲಿ, ಒಂದು ಇಲಿಯೂ ಇರಲಿಲ್ಲ. ಇದ್ದದ್ದು ಮೂಟೆಗಳು.

ಡಾಕ್ಟರು ಓಡಿ ಬಂದರು. ಇಬ್ಬರೂ ಒಂದು ಮೂಟೆ ಎಳೆದು ಅಂಗಳಕ್ಕೆ ಹಾಕಿದೆವು. ನಾಲ್ಕು ಜನ ಗುದ್ದಲಿ ಹಾಕಿದರೂ ಬಗ್ಗದ ಗಟ್ಟಿ ಅಂಗಳ ಅದು. ಸುಮ್ಮನೆ ನಿಂತು ನೋಡಿದೆವು. ರಾಗಿ ಹಿಟ್ಟಿನೊಳಗೆ ಬೆರಳು ಇಳಿದ ಹಾಗೆ ಮೂಟೆ ನೆಲದೊಳಕ್ಕೆ ಇಳಿಯಿತು. ಡಾಕ್ಟರು ಅದರಿಂದ ಒಂದು ಜೊತೆ ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದರು. ಕೈಗೆ ಏನೂ ಭಾರವಿಲ್ಲ. ನೆಲಕ್ಕಿಟ್ಟರು. ನೆಲ ಗುಳಿಬಿತ್ತು. “ಸಿಸ್ಟರಮ್ಮ,” ಎಂದರು. ನನ್ನ ಕಣ್ಣ ಮುಂದೆ ಬಂದದ್ದು ಆ ಹಸಿರು ಹೂವಿನ ಪಟ್ಟಿ. ಮನೆಮನೆಗೆ ಇಳಿದು, ಕಾಲು ತೊಳೆದು, ನಾವೇ ತೊಡಿಸಿದ್ದೆವು.

ಅಲ್ಲಿಂದ ನೇರ ಪಂಕಜಾಕ್ಷಮ್ಮನವರ ಮನೆಗೆ ಹೋದೆವು. ಡಾಕ್ಟರಿಗೆ ಪಾಪ ಆಗಲೂ ಒಂದೇ ಯೋಚನೆ, ವಿಷಯ ತಿಳಿದರೆ ಆ ಹಿರಿಜೀವ ಎಷ್ಟು ನೊಂದುಕೊಳ್ಳುತ್ತದೋ ಎಂದು. ಆಕೆ ಉಯ್ಯಾಲೆಯಲ್ಲಿ ಕೂತಿದ್ದರು. ಸೀರೆಯ ನೆರಿಗೆ ಪಾದ ಮುಚ್ಚಿತ್ತು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು. ಡಾಕ್ಟರು ಎಲ್ಲ ಹೇಳಿ, “ನಿಮಗೆ ಗೊತ್ತಿಲ್ಲದೆ ಆಗಿರೋದು ತಾಯಿ, ಬೇಜಾರು ಮಾಡ್ಕೋಬೇಡಿ” ಎಂದರು.

ಪಂಕಜಾಕ್ಷಮ್ಮ ನಕ್ಕರು. “ಗೊತ್ತಿಲ್ಲದೆ ಏನು ಡಾಕ್ಟ್ರೇ? ನಮ್ಮತ್ತೆ ಹೇಳಿಕೊಟ್ಟಿದ್ದು. ಅವರಿಗೆ ಅವರತ್ತೆ. ಮೈ ಭಾರ ಅನ್ನಿಸಿದರೆ ಹೊಸ ಚಪ್ಪಲಿ ತರಿಸಿ ಸ್ವಲ್ಪ ದಿನ ಮೆಟ್ಟಬೇಕು, ಸವೆಯೋಕ್ಕೆ ಮುಂಚೆ ಕೊಟ್ಟುಬಿಡಬೇಕು. ಕಾಯಿಲೆಯ ಭಾರ ಅದರ ಜೊತೆ ಹೋಗುತ್ತೆ, ಮನೆ ನಿಲ್ಲುತ್ತೆ. ಮೊದಲು ಒಬ್ಬೊಬ್ಬರನ್ನೇ ಹುಡುಕಿ ಕರೆದು ಕೊಡಬೇಕಿತ್ತು. ನೀವು ಬಂದಮೇಲೆ ಎಷ್ಟು ಅನುಕೂಲ ಆಯ್ತು ನೋಡಿ.” ಆಮೇಲೆ ಒಳಗೆ ತಿರುಗಿ, “ಡಾಕ್ಟ್ರಿಗೆ ಕಾಫಿ ತನ್ನಿ” ಎಂದು ಕೂಗಿದರು.

ಬೇರೆ ಊರಿನವರು ನಿಂತ ನೆಲ ಕುಸಿಯಿತು ಎಂದು ಬಾಯಿಮಾತಿಗೆ ಹೇಳುತ್ತಾರಂತೆ. ನಮ್ಮೂರಲ್ಲಿ ನಿಜವಾಗಿ ಕುಸಿಯುವುದನ್ನು ನೋಡಿಯೇ ಬೆಳೆದವಳು ನಾನು. ಆದರೂ ಅವತ್ತು ಆ ಗಟ್ಟಿ ನೆಲದ ಮೇಲೆ ನಿಂತು ಗೋಡೆ ಹಿಡಿದುಕೊಂಡೆ. ನನ್ನ ಜೋರು ಬಾಯಿ ಬೇಕಾದಾಗಲೇ ಕೈಕೊಟ್ಟಿತು. ಡಾಕ್ಟರು ಮಾತ್ರ ತೊದಲುತ್ತ, “ಅಲ್ಲಿ ಒಬ್ಬಳು ಬಸುರಿ ಇದ್ದಾಳೆ” ಎಂದರು. “ನಾವೇನು ಕದ್ದು ಇಟ್ಟು ಬಂದ್ವಾ?” ಎಂದರು ಆಕೆ, ಸ್ವಲ್ಪವೂ ಸಿಟ್ಟಿಲ್ಲದೆ. “ಕೈಯಾರೆ ಕೊಟ್ಟಿದ್ದು. ಅವರೂ ಸಂತೋಷವಾಗೇ ಇಸ್ಕೊಂಡ್ರು.” ನಾವು ಕಾಫಿ ಮುಟ್ಟಲಿಲ್ಲ.

ಚಪ್ಪಲಿಗಳನ್ನು ಕೆರೆಗೆ ಹಾಕೋಣವೆಂದರೆ ಕೇರಿಯವರು ಕುಡಿಯುವ ನೀರು ಅದೇ. ಹೊಲಕ್ಕೆ ಹಾಕಿದರೆ ಇನ್ಯಾರದೋ ನೆಲ. ದಾರಿ ಕಾಣದೆ ಮಾರನೆಯ ದಿನ ನಾನು ಕೇರಿಗೆ ಹೋಗಿ ದುರುಗವ್ವನ ಎದುರು ಕೂತು ಇದ್ದದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ, ಹೊಡೆದರೂ ಹೊಡೆಸಿಕೊಳ್ಳುತ್ತೇನೆ ಎಂದುಕೊಂಡಿದ್ದೆ. “ಹಂಗಾ,” ಎಂದಳು. ಆಮೇಲೆ, “ನಾವು ಕೊಳಕರು ಅಂತ ನಾವೇ ನಂಬಿದ್ವಲ್ಲ ಸಿಸ್ಟರಮ್ಮ” ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಅದೇ ಮಧ್ಯಾಹ್ನ ಮೋಡ ಕಟ್ಟಿತು, ಹೊನ್ನೂರಿಗೆ ನೋವು ಶುರುವಾಯಿತು. ಮೊದಲ ಹನಿಗೇ ಚರಂಡಿಯ ನೀರು ಕಿಟಕಿಯ ಅಂಚಿಗೆ ಬಂತು. ಗಂಡಸರು ಏಣಿ ಕಿತ್ತು, ಹೊರಸನ್ನು ಹಗ್ಗದಲ್ಲಿ ಇಳಿಬಿಟ್ಟು, ಅವಳನ್ನು ಮಲಗಿಸಿ ಮೇಲೆಳೆದರು. ಅವಳು ಹಲ್ಲು ಕಚ್ಚಿ ನನ್ನ ಮಣಿಕಟ್ಟು ಹಿಡಿದಿದ್ದಳು. ಎಲ್ಲಿಗೆ ಕರೆದುಕೊಂಡು ಹೋಗುವುದು? ಕೇಂದ್ರದ ಹೆರಿಗೆ ಕೋಣೆಯ ಗೋಡೆ ಯಾವಾಗ ಬೀಳುತ್ತದೋ ಗೊತ್ತಿಲ್ಲ. ಕೇರಿಯಲ್ಲಿ ಒಣಗಿದ ನೆಲವೇ ಇಲ್ಲ. ಕೊಟ್ಟ ಮಾತು ಕಣ್ಣೆದುರಿಗೇ ನೀರುಪಾಲಾಗುತ್ತಿತ್ತು.

“ಗಟ್ಟಿ ನೆಲ ಮ್ಯಾಲೆ ಐತಲ್ಲ,” ಎಂದಳು ದುರುಗವ್ವ. ಎಲ್ಲರೂ ಅವಳತ್ತ ತಿರುಗಿದರು. “ದೊಡ್ಡೋರ ಮನೀಗೆ ಹೋಗ್ತೀವಿ, ಬರಿಗಾಲಾಗೆ ಹೋಗಬಾರದು. ಕೊಟ್ಟ ಚಪ್ಪಲಿ ಮೆಟ್ಕಳ್ರೋ ಎಲ್ಲಾರೂ.”

ಪೇಟೆಯ ಬೀದಿಯಲ್ಲಿ ಕೇರಿಯವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು ಅಜ್ಜ ಮುತ್ತಜ್ಜರ ಕಾಲದ ರೂಢಿ. ಅವತ್ತು ಯಾರೂ ಬಿಚ್ಚಲಿಲ್ಲ. ನಡುವೆ ಹೊರಸು, ಸುತ್ತ ಹೆಂಗಸರು, ಹಿಂದೆ ಇಡೀ ಕೇರಿ. ಕೇಂದ್ರದ ಹತ್ತಿರ ಬಂದಾಗ ನಮ್ಮ ಡಾಕ್ಟರು ಒಂದು ಕ್ಷಣ ನೋಡಿದರು. ಎಂದೂ ಗಟ್ಟಿಯಾಗಿ ಮಾತಾಡದ ಆ ಮನುಷ್ಯ ಅಂಗಿ ತೋಳು ಮಡಚಿ, ಉಳಿದ ಮೂಟೆಗಳನ್ನು ತಳ್ಳುಗಾಡಿಗೆ ಹಾಕಿ ತಾವೇ ತಳ್ಳಿಕೊಂಡು ಬಂದರು. ಪೇಟೆಯ ಕಿಟಕಿಗಳೆಲ್ಲ ತೆರೆದುಕೊಂಡವು.

ಪಂಕಜಾಕ್ಷಮ್ಮನವರ ಮೆಟ್ಟಿಲ ಬುಡಕ್ಕೆ ಬಂದು ಹೊರಸು ನಿಂತಿತು. “ಬಾಣಂತಿ ಆಗೋ ಹೆಣ್ಣು ಕಣವ್ವ, ಬ್ಯಾಡ ಅನ್ನಬ್ಯಾಡ” ಎಂದು ದುರುಗವ್ವ ಕೂಗಿದಳು. ಹೆರಿಗೆ ನೋವಿನಲ್ಲಿ ಬಾಗಿಲಿಗೆ ಬಂದವಳನ್ನು ನೂಕಿದರೆ ಏಳು ತಲೆಮಾರಿಗೆ ಶಾಪ ಎಂದು ಪೇಟೆಯವರೂ ನಂಬಿದವರೇ. ಬಾಗಿಲು ತೆರೆಯಿತು. ಆಗ ಕೇರಿಯವರು ಮಾಡಿದ್ದು ಒಂದೇ ಕೆಲಸ, ಯಾರ ಮನೆಗೆ ಹೋದರೂ ಮರ್ಯಾದಸ್ಥರು ಮಾಡುವ ಕೆಲಸ. ಒಳಗೆ ಕಾಲಿಡುವ ಮುಂಚೆ ಹೊಸ್ತಿಲಾಚೆ ಜಗಲಿಯ ಮೇಲೆ ಚಪ್ಪಲಿ ಬಿಟ್ಟರು. ಒಬ್ಬೊಬ್ಬರಾಗಿ, ಜೋಡಿಸಿ, ಅಚ್ಚುಕಟ್ಟಾಗಿ. ಹೊನ್ನೂರಿಯ ಹಸಿರು ಹೂವಿನ ಜೊತೆಯನ್ನು ದುರುಗವ್ವ ಎಲ್ಲಕ್ಕಿಂತ ಮುಂದೆ ಇಟ್ಟಳು. ಡಾಕ್ಟರು ಮೂಟೆಗಳನ್ನು ಪಕ್ಕದಲ್ಲಿ ಇಳಿಸಿ, ಕೈ ತೊಳೆದು ಒಳಗೆ ಬಂದರು.

ನಡುಮನೆಯಲ್ಲಿ ಹೆರಿಗೆ. ನನಗೆ ನೆನಪಿರುವುದು ಹೊನ್ನೂರಿಯ ಬೆವರಿದ ಮುಖ, ನನ್ನ ಕೈ, ಡಾಕ್ಟರ ದನಿ. ಜೊತೆಗೆ ಗೋಡೆಯ ಮೇಲಿನ ಬೆಳಕು. ಬೆಳಕು ಮೇಲೆ ಸರಿಯುತ್ತಿತ್ತು, ಅಂದರೆ ನಾವು ಕೆಳಗೆ ಇಳಿಯುತ್ತಿದ್ದೆವು. ತೊಲೆಗಳು ನರಳಿದವು. ಹಿತ್ತಾಳೆಯ ದೀಪ ತೂಗಿತು. ಪಂಕಜಾಕ್ಷಮ್ಮ ಉಯ್ಯಾಲೆಯ ಸರಪಳಿ ಹಿಡಿದು, ಬಾಯಿ ತೆರೆದು, ಬಾಗಿಲತ್ತಲೇ ನೋಡುತ್ತಿದ್ದರು. ಆ ಬಾಗಿಲಾಚೆ ಯಾವಾಗಲೂ ಆಕಾಶ ಮತ್ತು ಊರಿನ ಹೆಂಚುಗಳು ಕಾಣುತ್ತಿದ್ದವು. ಈಗ ಬೀದಿಯಲ್ಲಿ ನಿಂತವರ ತಲೆ ಕಾಣತೊಡಗಿತು, ಆಮೇಲೆ ಮೊಣಕಾಲು, ಆಮೇಲೆ ಪಾದ.

ಮಗು ನನ್ನ ಕೈಗೆ ಬಿತ್ತು. ಒಂದು ಕ್ಷಣ ಸದ್ದಿಲ್ಲ. ಬೆನ್ನು ಉಜ್ಜಿದೆ, ಬಾಯಿ ಒರೆಸಿದೆ, “ಅಳೇ, ನಿನ್ನ ದಮ್ಮಯ್ಯ, ಅಳೇ” ಎಂದೆ. ಅತ್ತಿತು! ಬೀದಿಗೆ ಕೇಳುವ ಹಾಗೆ ಅತ್ತಿತು. ಹೆಣ್ಣು. ದುರುಗವ್ವ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೊರಗಿದಳು. ಡಾಕ್ಟರು ಅಳುತ್ತಿದ್ದರು, ನಾನೂ.

ಮಳೆ ನಿಂತಿತು. ಬಾಣಂತಿಯನ್ನೂ ಮಗುವನ್ನೂ ಕಂಬಳಿಯಲ್ಲಿ ಸುತ್ತಿ ಹೊರಸಿನ ಮೇಲೆ ಮಲಗಿಸಿದರು. ಬಂದಾಗ ಮೆಟ್ಟಿಲು ಹತ್ತಿದ್ದವರು ಹೋಗುವಾಗ ಸಲೀಸಾಗಿ ಬೀದಿಗೆ ನಡೆದರು, ಮೆಟ್ಟಿಲೆಲ್ಲ ಮಣ್ಣಿನಡಿಗೆ ಹೋಗಿತ್ತು. ಎಲ್ಲರೂ ಬರಿಗಾಲಲ್ಲಿ ಹೊರಟಿದ್ದರು. ಹಿಂದಿನಿಂದ ಪಂಕಜಾಕ್ಷಮ್ಮನವರ ದನಿ ಕೇಳಿತು, “ಅಯ್ಯೋ, ಚಪ್ಪಲಿ! ಚಪ್ಪಲಿ ಮರೆತು ಹೋಗ್ತಿದೀರಿ!”

ದುರುಗವ್ವ ತಿರುಗಿದಳು. “ಮರ್ತಿಲ್ಲ ಕಣವ್ವ,” ಎಂದಳು. “ಕೈಯಾರೆ ಕೊಡ್ತಿದ್ದೀವಿ. ಇಸ್ಕಳ್ರಿ.”

ಮಾರನೆಯ ಬೆಳಿಗ್ಗೆ ಕೇಂದ್ರದ ಬಾಗಿಲು ತೆರೆದಾಗ ನಾನು ಬೆಪ್ಪಾಗಿ ನಿಂತೆ. ಸರದಿ ರಸ್ತೆಯವರೆಗೆ ಹೋಗಿತ್ತು. ಕೇರಿಯ ಕೆಮ್ಮಿನ ಮುದುಕರ ಹಿಂದೆ ದಿಬ್ಬದ ಪೇಟೆಯವರು ನಿಂತಿದ್ದರು. ಇಷ್ಟು ವರ್ಷದಲ್ಲಿ ಅವರಲ್ಲಿ ಒಬ್ಬರೂ ಕೇಂದ್ರದ ಹೊಸ್ತಿಲು ತುಳಿದಿರಲಿಲ್ಲ, ಕಾಯಿಲೆಯೇ ಇಲ್ಲದವರು! ಯಾರ ಕಾಲಲ್ಲೂ ಚಪ್ಪಲಿಯಿರಲಿಲ್ಲ. ತೊಡಲು ಹೆದರಿಕೆ, ಕೊಡಲು ಇಸಿದುಕೊಳ್ಳುವವರಿಲ್ಲ. ಒಬ್ಬರ ಕಾಲಲ್ಲಿ ಒಣಗದ ಹುಣ್ಣು, ಒಬ್ಬರಿಗೆ ಬಣ್ಣಗೆಟ್ಟ ಉಗುರು. ಆ ಪಾದಗಳನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಪಂಕಜಾಕ್ಷಮ್ಮನವರ ಸರದಿ ಬಂತು. ಬೆಂಚಿನ ಮೇಲೆ ಕೂತು ನೆರಿಗೆ ಸ್ವಲ್ಪ ಎತ್ತಿದರು. ಪಾದ ಬಾತು ಗುಂಡಗೆ ಹೊಳೆಯುತ್ತಿತ್ತು. ಬೈಯಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಟ್ಟಿದ್ದೆ. ಬಾಯಿಂದ ಹೊರಟದ್ದು ದಿನವೂ ಕೇಳುವ ಮಾತು. “ಯಾವಾಗಿಂದ ಹೀಗಿದೆ?”

“ನಮ್ಮತ್ತೆ ಇದ್ದಾಗಿಂದ,” ಎಂದರು ಆಕೆ. ನಗು ಇರಲಿಲ್ಲ. “ಯಾರಿಗೂ ತೋರಿಸಬೇಡ ಅಂದಿದ್ರು. ಸಿಸ್ಟರಮ್ಮ, ಮನೆ ಮೇಲೆ ಬರುತ್ತಲ್ವಾ?”

ನಾನು ಮಂಡಿಯೂರಿ ಕೂತು ಆ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಕೈ ತೆಗೆದೆ. ಗುಳಿ ಬಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಗುಳಿ ಮೇಲೇಳಲಿಲ್ಲ.